ಯಾರೂ ಬೀಳಿಸದೆ ಬಿದ್ದ ಲ್ಯಾಪ್‌ಟಾಪ್

ಈ ದೇಶದಲ್ಲಿ ಅಪಘಾತವಾಗಬೇಕಾದರೂ ಕಂಪನಿಯ ಒಪ್ಪಿಗೆ ಬೇಕು.

ನಂಬಿಕೆ ಬಾರದಿದ್ದರೆ ಲ್ಯಾಪ್‌ಟಾಪಿನ ಜೊತೆ ‘ಆಕ್ಸಿಡೆಂಟಲ್ ಡ್ಯಾಮೇಜ್ ಪ್ರೊಟೆಕ್ಷನ್’ ಕೊಂಡು ನೋಡಿ. ಆಮೇಲೆ ಅದನ್ನು ಮೇಜಿನಿಂದ ಕೆಳಗೆ ಬೀಳಲು ಬಿಡಿ. ಬಿಡಿ ಎಂದೆನಲ್ಲ, ಅಲ್ಲಿಗೆ ಕ್ಲೇಮ್ ಸತ್ತಿತು. ಬಿಟ್ಟರೆ ಅದು ಉದ್ದೇಶಪೂರ್ವಕ.

ಅಂಗಡಿಯಲ್ಲಿ ಮಾತು ಬೇರೆ ಇರುತ್ತದೆ. ಅಲ್ಲಿ ಎಲ್ಲವೂ ಕವರ್ ಆಗುತ್ತದೆ.

‘ಬಿದ್ರೆ?’

‘ಕವರ್ ಆಯ್ತದ ಸಾ.’

‘ಕಾಫಿ ಚೆಲ್ಲಿದ್ರೆ?’

‘ಅದೂ ಆಯ್ತದ ಸಾ.’

‘ಮಕ್ಕಳು ತುಳಿದ್ರೆ?’

‘ಫುಲ್ ಕವರ್ ಸಾ, ತಲ ಕೆಡಿಸ್ಕಬೇಡಿ.’

ತಲೆ ಕೆಡಿಸುವ ಕೆಲಸಕ್ಕೆ ಬೇರೆ ವಿಭಾಗವಿದೆ. ಅದು ದುಡ್ಡು ಕೊಟ್ಟ ಮೇಲೆ ಬಾಗಿಲು ತೆರೆಯುತ್ತದೆ.

ನಮ್ಮ ಮನೆಯ ಲ್ಯಾಪ್‌ಟಾಪ್ ಬಿದ್ದದ್ದು ಗುಂಡ್ಲುಪೇಟೆಯಲ್ಲಿ, ಕರೆಂಟ್ ಹೋದ ಹೊತ್ತಿನಲ್ಲಿ. ಕತ್ತಲಲ್ಲಿ ಎದ್ದ ಮಗಳ ಕಾಲಿಗೆ ಚಾರ್ಜರಿನ ವೈರು ಸಿಕ್ಕಿಕೊಂಡಿತು. ಸ್ಕ್ರೀನ್ ಒಡೆಯಿತು. ಮಡಚುವ ಕಡೆ ಬಾಡಿ ಸೀಳಿತು. ಇದಕ್ಕಿಂತ ಶುದ್ಧವಾದ ಆಕಸ್ಮಿಕವನ್ನು ಯಾರೂ ಕೂತು ರಚಿಸಲಾರರು. ಕಂಪನಿಯ ಉತ್ತರ ಬಂತು: ಗ್ರಾಹಕರು ಸೂಕ್ತ ಎಚ್ಚರ ವಹಿಸಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕೃತ. ಕಂಪನಿಯ ಹೆಸರು ಬೇಡ. ನಿಮಗೆ ಅನ್ಯಾಯ ಮಾಡಿದ ಕಂಪನಿಯ ಹೆಸರನ್ನೇ ಹಾಕಿಕೊಂಡು ಓದಿ, ಮುಂದಿನ ಒಂದು ವಾಕ್ಯವನ್ನೂ ತಿದ್ದಬೇಕಾಗುವುದಿಲ್ಲ.

ಎಚ್ಚರ ವಹಿಸಿದ್ದರೆ ಅದು ಬೀಳುತ್ತಲೇ ಇರಲಿಲ್ಲ ಮಹಾಸ್ವಾಮಿ. ಬೀಳುವುದೇ ಇಲ್ಲ ಎಂದಾದರೆ ನಿಮ್ಮ ಪ್ಲಾನ್ ಯಾಕೆ ಕೊಳ್ಳಬೇಕಿತ್ತು? ಎಚ್ಚರ ತಪ್ಪುವ ಮನುಷ್ಯನಿಗೆಂದು ಮಾರಿದಿರಿ. ಎಚ್ಚರ ತಪ್ಪಿದ್ದಕ್ಕೇ ತಿರಸ್ಕರಿಸಿದಿರಿ. ನಡುವೆ ದುಡ್ಡು ಮಾತ್ರ ಯಾವ ಎಚ್ಚರವೂ ತಪ್ಪದೆ ನಿಮ್ಮ ಖಾತೆ ಸೇರಿತು.

ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಎರಡು ಕೌಂಟರುಗಳು ಕಂಪನಿಯಲ್ಲಿವೆ. ಒಂದರಲ್ಲಿ ಮಾಮೂಲಿ ವಾರಂಟಿ. ಅದು ಕಾರ್ಖಾನೆಯಲ್ಲೇ ಆದ ದೋಷಕ್ಕೆ ಮಾತ್ರ. ಇನ್ನೊಂದರಲ್ಲಿ ಅಪಘಾತದ ಪ್ಲಾನ್. ಅದು ಆಮೇಲೆ ಆದ ಪೆಟ್ಟಿಗೆ ಮಾತ್ರ. ಸ್ಕ್ರೀನ್ ತಾನಾಗಿ ಕಪ್ಪಾಯಿತೆಂದು ಮೊದಲ ಕೌಂಟರಿಗೆ ಹೋಗಿ. ಹುಡುಗ ಟಾರ್ಚ್ ಹಾಕಿ ಮೂಲೆಯಲ್ಲೊಂದು ಕೂದಲೆಳೆಯ ಗೀರು ಹುಡುಕುತ್ತಾನೆ. ‘ಇದು ಸಿಐಡಿ ಸಾ’ ಎನ್ನುತ್ತಾನೆ. ಪೊಲೀಸಿನವರಲ್ಲ, ಗ್ರಾಹಕನೇ ಮಾಡಿಕೊಂಡ ಹಾನಿಗೆ ಅವರ ಕೋಡು. ಸರಿ, ಹಾನಿಯೇ ಆದರೆ ಆಗಲಿ ಎಂದು ಎರಡನೇ ಕೌಂಟರಿಗೆ ಹೋಗಿ. ಅಲ್ಲಿ ಅದೇ ಗೀರು ಮಾಯ. ‘ಪೆಟ್ಟಿನ ಗುರುತೇ ಇಲ್ಲ, ಇದು ಪಾರ್ಟ್ ಫೇಲ್ಯೂರ್, ವಾರಂಟಿಯಲ್ಲಿ ಕೇಳಿ.’ ಗೀರು ಒಂದೇ. ನೋಡುವ ಕಣ್ಣೂ ಒಂದೇ. ಕಂಪನಿಯೂ ಒಂದೇ.

ಕ್ಲೇಮ್ ಫಾರಂ ಬರೆದವನು ಪ್ರತಿಭಾವಂತ. ಘಟನೆ ಹೇಗಾಯಿತು, ಎಲ್ಲಿ, ಯಾವಾಗ, ಎಷ್ಟು ಎತ್ತರದಿಂದ ಬಿತ್ತು, ಆಗ ಯಾರ ಕೈಯಲ್ಲಿತ್ತು, ವಿವರವಾಗಿ ಬರೆಯಿರಿ ಎಂದು ಕೇಳುತ್ತಾನೆ. ವಿವರವಾಗಿ ಬರೆದರೆ ನಿರ್ಲಕ್ಷ್ಯ ರುಜುವಾಯಿತು. ಚುಟುಕಾಗಿ ಬರೆದರೆ ಮಾಹಿತಿ ಅಪೂರ್ಣ. ಫೋನಿನಲ್ಲಿ ‘ಸಂಜೆ’ ಎಂದು ಹೇಳಿ ಫಾರಂನಲ್ಲಿ ‘ಏಳು ಗಂಟೆ’ ಎಂದು ಬರೆದರೆ ಹೇಳಿಕೆಯಲ್ಲಿ ವ್ಯತ್ಯಾಸ. ಎರಡೂ ಕಡೆ ಒಂದೇ ಹೇಳಿದರೂ ಕೊನೆಯ ಅಸ್ತ್ರವೊಂದಿದೆ: ‘ವಿವರಿಸಿದ ಘಟನೆಗೂ ಕಂಡುಬಂದ ಹಾನಿಗೂ ಹೊಂದಾಣಿಕೆಯಿಲ್ಲ.’ ಲ್ಯಾಪ್‌ಟಾಪ್ ನಿಯಮಕ್ಕೆ ವಿರುದ್ಧವಾಗಿ ಒಡೆದಿದೆ ಎಂದು ಅರ್ಥ. ಯಾವ ಎತ್ತರದಿಂದ ಬಿದ್ದರೆ ಎಷ್ಟು ಒಡೆಯಬೇಕೆಂಬ ಕೋಷ್ಟಕವನ್ನು ಯಾವ ಗ್ರಾಹಕನೂ ಕಂಡಿಲ್ಲ.

ಇನ್ನು ಗಡುವು. ಘಟನೆಯಾದ ಇಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬ ಷರತ್ತು. ತಿಳಿಸಬೇಕಾದ ಫೋನಿನಲ್ಲಿ ಸಂಗೀತ. ಸಂಗೀತ ಮುಗಿದ ಮೇಲೆ ಹಿಂದಿ. ಕನ್ನಡಕ್ಕೆ ಒತ್ತಬೇಕಾದ ನಂಬರ್ ಒತ್ತಿದರೆ ಮತ್ತೆ ಸಂಗೀತ. ಗ್ರಾಹಕನ ಗಡುವು ಗಂಟೆಗಳಲ್ಲಿ ಓಡುತ್ತದೆ, ಕಂಪನಿಯ ಗಡುವು ‘ವರ್ಕಿಂಗ್ ಡೇ’ಗಳಲ್ಲಿ ತೆವಳುತ್ತದೆ. ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ನಿಜವಾದ ಕ್ಲೇಮುಗಳನ್ನು ಯಾಂತ್ರಿಕವಾಗಿ ತಳ್ಳಿಹಾಕಬೇಡಿ ಎಂದು ವಿಮಾ ನಿಯಂತ್ರಕರು 2011ರ ಸೆಪ್ಟೆಂಬರಿನಲ್ಲೇ ವಿಮಾ ಕಂಪನಿಗಳಿಗೆ ಸುತ್ತೋಲೆ ಕಳಿಸಿದ್ದರು. ಆದರೆ ಲ್ಯಾಪ್‌ಟಾಪ್ ಪ್ಲಾನ್ ವಿಮೆಯಲ್ಲವಂತೆ. ಆ ನಾಟಕಕ್ಕೆ ಆಮೇಲೆ ಬರುತ್ತೇನೆ.

ಷರತ್ತಿನ ಪುಟಗಳನ್ನು ಒಮ್ಮೆ ಓದಿ. ಚಾಮರಾಜನಗರ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ. ಇಲಿ, ಹೆಗ್ಗಣ, ಇರುವೆ, ಸಾಕುಪ್ರಾಣಿಗಳಿಂದಾದ ಹಾನಿಗೆ ರಕ್ಷಣೆಯಿಲ್ಲ. ಬಂಡೀಪುರ, ಬಿಆರ್‌ಟಿ ಎಂದು ಎರಡು ಹುಲಿ ಸಂರಕ್ಷಿತ ಪ್ರದೇಶಗಳಿರುವ ಜಿಲ್ಲೆ ಇದು. ಕಿಟಕಿ ತೆರೆದರೆ ಕೋತಿ ಒಳಗೆ ಬರುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಕೆಲವು ಪ್ಲಾನ್‌ಗಳಲ್ಲಿ ರಕ್ಷಣೆಯಿದೆ, ಸ್ಟೆಬಿಲೈಜರ್ ಇತ್ತೆಂದು ನೀವು ತೋರಿಸಿದರೆ. ಪಂಪ್‌ಸೆಟ್ ಕರೆಂಟಿನಿಂದ ಬದುಕುವ ಊರಿನವರಿಗೆ ಎಂಥ ಉದಾರತೆ! ಧೂಳಿನಿಂದಾದ ಹಾನಿಗೆ ಇಲ್ಲ. ಧೂಳಿಲ್ಲದ ಜಾಗವೊಂದನ್ನು ಕರಿಕಲ್ಲಿನ ಕ್ವಾರಿಗಳ ಆಸುಪಾಸಿನಲ್ಲಿ ನೀವೇ ತೋರಿಸಿ. ಕೊನೆಗೆ ದೈವಾಧೀನ ಘಟನೆಗಳಿಗೂ ಇಲ್ಲ. ಮಾದಪ್ಪನ ಸೀಮೆಯಲ್ಲಿ ಕೂತು ದೇವರ ಹೆಸರಲ್ಲಿ ಕ್ಲೇಮ್ ತಳ್ಳಿಹಾಕುವ ಧೈರ್ಯ ಇಂಗ್ಲಿಷ್ ಷರತ್ತಿಗೆ ಮಾತ್ರ ಬರಲು ಸಾಧ್ಯ. ಮನುಷ್ಯ ಮಾಡಿದರೆ ನಿರ್ಲಕ್ಷ್ಯ, ಪ್ರಾಣಿ ಮಾಡಿದರೆ ಹೊರಗೆ, ದೇವರು ಮಾಡಿದರೂ ಹೊರಗೆ. ಉಳಿದವರು ಯಾರು? ಇವರಿಗೆ ಬೇಕಾಗಿರುವುದು ಯಾರೂ ಬೀಳಿಸದೆ ಬಿದ್ದ ಲ್ಯಾಪ್‌ಟಾಪ್.

ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳಿಗೆ ದಿನಕ್ಕೆ ಒಂಬತ್ತು ಗಂಟೆಯ ರಕ್ಷಣೆ, ಖಾತ್ರಿಯಾಗಿ. ಹುಲಿ ಫಾರಂ ತುಂಬಬೇಕಾಗಿಲ್ಲ. ಹುಲಿಗೆ ಪ್ರೊಟೆಕ್ಷನ್ ಎಂದರೆ ಪ್ರೊಟೆಕ್ಷನ್ನೇ.

‘ಆನ್‌ಸೈಟ್ ಸರ್ವಿಸ್’ ಎಂಬ ಇನ್ನೊಂದು ಭರವಸೆಯೂ ಡಬ್ಬಿಯ ಮೇಲಿರುತ್ತದೆ. ಇಂಜಿನಿಯರ್ ಮನೆಗೇ ಬರುತ್ತಾನೆ ಎಂದು. ಪಿನ್‌ಕೋಡ್ ಹೇಳಿದ ಕೂಡಲೇ ಆ ಭರವಸೆ ನಂಜನಗೂಡು ದಾಟುವುದಿಲ್ಲ. ಮೈಸೂರಿಗೆ ತನ್ನಿ ಎನ್ನುತ್ತಾರೆ. ಅರವತ್ತು ಕಿಲೋಮೀಟರ್, ಬೇಗೂರಿನ ಮೇಲೆ, ಬಸ್ಸಿನಲ್ಲಿ ಒಡೆದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು. ಅಲ್ಲಿ ತಲುಪಿದರೆ ‘ಸಾಗಣೆಯಲ್ಲೂ ಪೆಟ್ಟು ಬಿದ್ದಿರಬಹುದು’ ಎಂಬ ಇನ್ನೊಂದು ಷರಾ.

ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ಹೆದರುತ್ತಿದ್ದ ಕಾಲವೊಂದಿತ್ತು. ಊರಿನ ಹೊರಗೇ ನಿಂತು ಕೈಮುಗಿದು ಹೋಗುತ್ತಿದ್ದರು. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷದ ಅವಧಿಯನ್ನೂ ಮುಗಿಸಿದರು. ಮುಖ್ಯಮಂತ್ರಿಗಳ ಮೌಢ್ಯ ಸುಳ್ಳಾಯಿತು. ಸರ್ವಿಸ್ ಇಂಜಿನಿಯರುಗಳದ್ದು ಇನ್ನೂ ಬಿಟ್ಟಿಲ್ಲ. ಗುಂಡ್ಲುಪೇಟೆಗೆ ಬಂದರೆ ಅವರ ಯಾವ ಕುರ್ಚಿ ಹೋಗುತ್ತದೋ ತಿಳಿಯದು.

ಈಗ ಆ ನಾಟಕ. ಪಾತ್ರಗಳು ಮೂರು: ಅಂಗಡಿ, ಪ್ಲಾನ್ ಮಾರುವ ಕಂಪನಿ, ಅದರ ಬೆನ್ನಿಗಿರುವ ವಿಮಾ ಕಂಪನಿ. ಅಂಗಡಿಯವನನ್ನು ಕೇಳಿದರೆ, ‘ನಮ್ದೇನಿಲ್ಲ ಸಾ, ನಾವು ಬಿಲ್ ಹಾಕಿದ್ದಷ್ಟೆ.’ ಕವರ್ ಆಯ್ತದ ಎಂದು ಹೇಳಿದ ಹುಡುಗ ಆ ವೇಳೆಗೆ ಕೆಲಸ ಬಿಟ್ಟಿರುತ್ತಾನೆ. ಪ್ಲಾನ್ ಕಂಪನಿಯನ್ನು ಕೇಳಿದರೆ, ‘ಅಪ್ರೂವಲ್ ವಿಮಾ ಕಂಪನಿಯಿಂದ ಬರಬೇಕು.’ ಹಾಗಾದರೆ ಇದು ವಿಮೆ, ನಾನು ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದು ನೀವು ಹುಮ್ಮಸ್ಸಿನಿಂದ ಹೇಳಿದರೆ, ‘ಇಲ್ಲ ಸರ್, ಇದು ವಿಮೆಯಲ್ಲ, ಸರ್ವಿಸ್ ಕಾಂಟ್ರಾಕ್ಟ್.’ ಕ್ಲೇಮ್ ಕೊಡುವಾಗ ವಿಮೆ. ದೂರು ಕೊಡುವಾಗ ಸೇವೆ. ನಿಮ್ಮ ಕೈಯಲ್ಲಿರುವುದು ಪಾಲಿಸಿಯಲ್ಲ, ಒಂದು ‘ಸರ್ಟಿಫಿಕೇಟ್’. ಶಾಲೆಯಲ್ಲಿ ಓಟದಲ್ಲಿ ಭಾಗವಹಿಸಿದ್ದಕ್ಕೆ ಕೊಡುವ ಕಾಗದದಷ್ಟೇ ಅದರ ಬೆಲೆ.

ಈ ಗೊಂದಲದಲ್ಲಿ ಗೊಂದಲವೇ ಇಲ್ಲದ ಪಾತ್ರ ಒಂದೇ. ಸರ್ಕಾರ. ಲ್ಯಾಪ್‌ಟಾಪಿಗೆ 18 ಪರ್ಸೆಂಟ್ ಜಿಎಸ್‌ಟಿ. ಪ್ಲಾನಿಗೂ 18 ಪರ್ಸೆಂಟ್. ತಿರಸ್ಕಾರವಾದ ಮೇಲೆ ಸ್ವಂತ ದುಡ್ಡಿನಲ್ಲಿ ಮಾಡಿಸುವ ರಿಪೇರಿಗೂ 18. ಸಿಗದ ಸೇವೆಗೂ ತೆರಿಗೆ ಸಿಕ್ಕಿತು. ತೆರಿಗೆಯ ಕ್ಲೇಮ್ ತಿರಸ್ಕೃತವಾದದ್ದನ್ನು ಯಾರಾದರೂ ಕೇಳಿದ್ದೀರಾ?

ಬೆಂಗಳೂರಿನಲ್ಲಿದ್ದರೆ ಬಚಾವು ಎಂದುಕೊಳ್ಳಬೇಡಿ. ಅಲ್ಲಿನ ಮಹಿಳೆಯೊಬ್ಬರು 1.74 ಲಕ್ಷ ರೂಪಾಯಿಯ ಮ್ಯಾಕ್‌ಬುಕ್ ಜೊತೆಗೆ 22,900 ರೂಪಾಯಿ ಕೊಟ್ಟು ಆಪಲ್‌ಕೇರ್ ಪ್ಲಸ್ ಪ್ಲಾನನ್ನೂ ಕೊಂಡಿದ್ದರು. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತು. ರಿಪೇರಿ ಸಿಗದೆ ಗ್ರಾಹಕ ಆಯೋಗದ ಮೆಟ್ಟಿಲೇರಿದರು. ದ್ರವ ಚೆಲ್ಲಿ ಆದ ಹಾನಿ ವಾರಂಟಿಗೆ ಬರುವುದಿಲ್ಲ ಎಂಬ ವಾದ ಗೆದ್ದಿತು, ದೂರು ವಜಾ ಆಯಿತು. 2023ರ ಕೊನೆಯಲ್ಲಿ ಪತ್ರಿಕೆಗಳೆಲ್ಲ ಇದನ್ನು ಕಾಫಿ ಚೆಲ್ಲಿದ ಹೆಂಗಸಿನ ತಮಾಷೆಯ ಸುದ್ದಿಯೆಂದು ಅಚ್ಚು ಹಾಕಿದವು. 22,900 ರೂಪಾಯಿ ಯಾವುದಕ್ಕೆ ಕೊಟ್ಟದ್ದು ಎಂಬ ಪ್ರಶ್ನೆ ತಮಾಷೆಯಲ್ಲ. ಓದಿ ನಕ್ಕವರ ಮನೆಯಲ್ಲೂ ಒಂದೊಂದು ಪ್ಲಾನ್ ಇತ್ತು.

ಕಾನೂನು ಇಲ್ಲವೆ? ಧಾರಾಳವಾಗಿದೆ. ಕಾನೂನಿನ ಬರ ನಮಗೆ ಯಾವತ್ತೂ ಬಂದಿಲ್ಲ.

2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. ಭರವಸೆ ಯಾವ ಭಾಷೆಯಲ್ಲಿದೆಯೋ ಷರಾ ಕೂಡ ಅದೇ ಭಾಷೆಯಲ್ಲಿರಬೇಕು, ಅಕ್ಷರದ ಅಚ್ಚೂ ಅದೇ ಇರಬೇಕು ಎಂದಿತು. ಗುಂಡ್ಲುಪೇಟೆಯ ಅಂಗಡಿ ಮುಂದಿನ ಫ್ಲೆಕ್ಸ್ ನೋಡಿ. ‘ಒಡೆದರೂ ಚಿಂತೆಯಿಲ್ಲ’ ಎಂದು ಕನ್ನಡದಲ್ಲಿ, ಆಳೆತ್ತರದಲ್ಲಿ. ಅದರ ಕಾಲ ಕೆಳಗೆ ಒಂದು ನಕ್ಷತ್ರ ಚಿಹ್ನೆ, ಇರುವೆ ಸಾಲಿನಷ್ಟು ಇಂಗ್ಲಿಷ್. 2023ರ ನವೆಂಬರಿನಲ್ಲಿ ಅದೇ ಪ್ರಾಧಿಕಾರ ಆನ್‌ಲೈನ್ ಮಾರಾಟದ ಹದಿಮೂರು ಬಗೆಯ ಮೋಸದ ಹೂಟಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆಯೇ ಬುಟ್ಟಿಗೆ ಪ್ಲಾನ್ ಸೇರಿಸುವುದೂ ಅದರಲ್ಲಿದೆ. ನಾವು ಕೇಳದೆ ಸೇರಿಸುತ್ತಾರೆ, ನಾವು ಕೇಳಿದಾಗ ತೆಗೆದುಹಾಕುತ್ತಾರೆ.

2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಟೆಕ್ಸ್ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ನೆಲಮಾಳಿಗೆಯಲ್ಲಿದ್ದ ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ್ದರು. ವಿಮಾ ಕಂಪನಿ ಜಾಗ ನೋಡಿತ್ತು, ಪ್ರೀಮಿಯಂ ತೆಗೆದುಕೊಂಡಿತ್ತು. ಬೆಂಕಿ ಬಿತ್ತು. ಆಗ ಪಾಲಿಸಿ ತೆರೆದರೆ ನೆಲಮಾಳಿಗೆಗೆ ಈ ವಿಮೆ ಅನ್ವಯಿಸುವುದಿಲ್ಲ ಎಂದು ಬರೆದಿತ್ತು! ಗ್ರಾಹಕನಿಗೆ ತಿಳಿಸದ, ಒಪ್ಪಂದದ ಉದ್ದೇಶವನ್ನೇ ನುಂಗುವ ಇಂಥ ಷರತ್ತಿನ ಹಿಂದೆ ಕಂಪನಿ ಅಡಗುವಂತಿಲ್ಲ ಎಂದಿತು ಕೋರ್ಟು. ಅಪಘಾತದ ಪ್ಲಾನಿನಲ್ಲಿ ಅಪಘಾತವನ್ನು ಹೊರಗಿಡುವವರು ಈ ತೀರ್ಪನ್ನು ಓದಿಲ್ಲವೆಂದಲ್ಲ. ನಾವು ಓದಿರುವುದಿಲ್ಲ ಎಂದು ಅವರಿಗೆ ಗೊತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬುದನ್ನೇ ಹೊಸದಾಗಿ ವ್ಯಾಖ್ಯಾನಿಸಿತು. ಗ್ರಾಹಕನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಏಕಪಕ್ಷೀಯ ಷರತ್ತುಗಳನ್ನು ರದ್ದು ಮಾಡಬಹುದು ಎಂದಿತು. ಕೈತಟ್ಟಬೇಕೆನ್ನುವಷ್ಟರಲ್ಲಿ ಕಾಯ್ದೆಯ ಮುಂದಿನ ಪುಟ ಬರುತ್ತದೆ. ಕರಾರೇ ಅನ್ಯಾಯ ಎಂದು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಅಂದರೆ ಗುಂಡ್ಲುಪೇಟೆಯವನು ತನ್ನ ಲ್ಯಾಪ್‌ಟಾಪಿನ ಷರತ್ತು ಮೋಸದ್ದೆಂದು ಹೇಳಲು ಬೆಂಗಳೂರಿಗೆ ಹೋಗಬೇಕು. ಐವತ್ತು ಲಕ್ಷ ರೂಪಾಯಿವರೆಗಿನ ವ್ಯಾಜ್ಯವನ್ನು ಚಾಮರಾಜನಗರ ತೀರ್ಮಾನಿಸಬಹುದು, ಐವತ್ತು ಸಾವಿರದ ಲ್ಯಾಪ್‌ಟಾಪಿನ ಸಣ್ಣಕ್ಷರವನ್ನು ಅನ್ಯಾಯ ಎನ್ನಲು ಮಾತ್ರ ವಿಧಾನಸೌಧದ ಊರೇ ಆಗಬೇಕು. ಕಾಯ್ದೆ ಬರೆದವರಿಗೆ ಕೆಎಸ್‌ಆರ್‌ಟಿಸಿ ಟಿಕೆಟ್ಟಿನ ದರ ಗೊತ್ತಿರಲಿಕ್ಕಿಲ್ಲ.

ಮತ್ತೆ ಅದೇ ಸರ್ಕಾರ ಪ್ರತಿ ಡಿಸೆಂಬರ್ 24ರಂದು ರಾಷ್ಟ್ರೀಯ ಗ್ರಾಹಕರ ದಿನ ಆಚರಿಸುತ್ತದೆ. 1986ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಅದು. ದೀಪ, ಹಾರ, ಭಾಷಣ. ‘ಎದ್ದೇಳು ಗ್ರಾಹಕ’ ಎಂಬ ಕರೆ. ಗ್ರಾಹಕ ಎದ್ದು ಎಷ್ಟೋ ಹೊತ್ತಾಯಿತು, ನಿದ್ದೆಯಲ್ಲಿರುವವರು ಬೇರೆ. ವಿರುದ್ಧ ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ ದೂರು ಇತ್ಯರ್ಥವಾಗಬೇಕು, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳು ಎನ್ನುತ್ತದೆ ಕಾಯ್ದೆ. ತೀರ್ಮಾನಿಸಬೇಕಾದ ಅಧ್ಯಕ್ಷರ, ಸದಸ್ಯರ ಕುರ್ಚಿಗಳೇ ದೇಶದ ತುಂಬ ಖಾಲಿ ಬಿದ್ದಿದ್ದವು. ಸರ್ಕಾರಗಳು ನೇಮಕ ಮಾಡುತ್ತಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಗ್ರಾಹಕನಿಗೆ ಹಕ್ಕು ಕೊಟ್ಟವರೇ ಅದನ್ನು ಕೇಳುವ ಕುರ್ಚಿಗೆ ಜನ ಕೊಡಲಿಲ್ಲ.

ಕಂಪನಿಯ ಲೆಕ್ಕಾಚಾರ ನಿಂತಿರುವುದು ಇಲ್ಲೇ. ಈತ ಬೈಯುತ್ತಾನೆ, ಎರಡು ಮೇಲ್ ಹಾಕುತ್ತಾನೆ, ಸುಸ್ತಾಗುತ್ತಾನೆ, ಮೈಸೂರಿನ ಗಲ್ಲಿಯ ರಿಪೇರಿ ಅಂಗಡಿಯಲ್ಲಿ ಸ್ಕ್ರೀನ್ ಹಾಕಿಸಿಕೊಳ್ಳುತ್ತಾನೆ. ಮುಗಿಯಿತು. ಅದಕ್ಕೇ ಷರತ್ತಿನ ಕೊನೆಯ ಪುಟದಲ್ಲಿ ಇನ್ನೊಂದು ಬೆದರುಗೊಂಬೆ ನಿಲ್ಲಿಸಿರುತ್ತಾರೆ: ವಿವಾದಗಳೆಲ್ಲ ಆರ್ಬಿಟ್ರೇಶನ್‌ಗೆ, ಅದೂ ಉತ್ತರದ ಯಾವುದೋ ಮಹಾನಗರದಲ್ಲಿ. ಓದಿದವನು ಅಲ್ಲೇ ಕೈಚೆಲ್ಲಬೇಕು. ಆದರೆ ಕರಾರಿನಲ್ಲಿ ಆರ್ಬಿಟ್ರೇಶನ್ ಎಂದು ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು 2018ರ ಡಿಸೆಂಬರಿನಲ್ಲೇ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿದೆ. ಬೆದರುಗೊಂಬೆ ಇನ್ನೂ ನಿಂತಿದೆ, ಕಾಗೆಗಳು ಇನ್ನೂ ಹೆದರುತ್ತಿವೆ.

ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಕಡೆ, ಇಲ್ಲವೆ ವ್ಯಾಜ್ಯ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಗ್ರಾಹಕ ವಾಸವಾಗಿರುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದರೆ ಸಾಕು. ಅಲ್ಲಿಗೆ ಬರಬೇಕಾದವರು ಕಂಪನಿಯವರು. ನೋಟಿಸ್ ಮುಟ್ಟಿದ ಮೇಲೆ ಉತ್ತರ ಕೊಡಲು ಅವರಿಗೆ ಮೂವತ್ತು ದಿನ, ಆಯೋಗ ಒಪ್ಪಿದರೆ ಇನ್ನು ಹದಿನೈದು. ಅದರಾಚೆ ಒಂದು ದಿನವೂ ಇಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ‘ವರ್ಕಿಂಗ್ ಡೇ’ ಅಲ್ಲ, ಭಾನುವಾರವೂ ಸೇರಿದ ದಿನಗಳು. ನಮ್ಮ ಸೀಮೆಗೆ ಇಂಜಿನಿಯರನ್ನು ಕಳಿಸಲಾಗದ ಕಂಪನಿಗೆ ವಕೀಲರನ್ನು ಕಳಿಸುವುದು ಎಷ್ಟು ಸಲೀಸೆಂದು ಆಗ ಗೊತ್ತಾಗುತ್ತದೆ.

ಕರಾರೇ ಅನ್ಯಾಯ ಎಂದು ಬರೆಯಬೇಡಿ, ಅದು ಬೆಂಗಳೂರಿನ ಬಸ್ಸು. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆಯಿರಿ. ಅವೆರಡೂ ಜಿಲ್ಲಾ ಆಯೋಗದ ವ್ಯಾಪ್ತಿಯವೇ. ಫೋನಿನ ತಿರಸ್ಕಾರವನ್ನು ಒಪ್ಪಬೇಡಿ, ಯಾವ ಷರತ್ತಿನ ಮೇಲೆ ತಿರಸ್ಕರಿಸಿದರೆಂದು ಬರಹದಲ್ಲಿ ಕೊಡಲು ಹೇಳಿ. ಪ್ಲಾನಿನ ಬಿಲ್ಲು, ಫ್ಲೆಕ್ಸಿನ ಫೋಟೋ, ಸರ್ವಿಸ್ ಸೆಂಟರಿನ ಜಾಬ್ ಶೀಟು, ಯಾವುದನ್ನೂ ಎಸೆಯಬೇಡಿ. ಅಂಗಡಿ, ಪ್ಲಾನ್ ಕಂಪನಿ, ವಿಮಾ ಕಂಪನಿ, ಮೂವರನ್ನೂ ಎದುರುಪಕ್ಷ ಮಾಡಿ. ವಿಮೆಯೋ ಸೇವೆಯೋ ಎಂಬ ಜಗಳವನ್ನು ಅವರವರೇ ಆಯೋಗದ ಮುಂದೆ ಆಡಿಕೊಳ್ಳಲಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕೆನಿಸಿದರೆ ಮಾಡಿ, ಕೆಲವು ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ.

ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಕೊಂಡದ್ದರ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಆಯೋಗಕ್ಕೆ ಕಟ್ಟಬೇಕಾದ ಶುಲ್ಕ ಸೊನ್ನೆ. ಜೆರಾಕ್ಸ್ ಅಂಗಡಿಯವನಿಗೆ ಕೊಡುವುದು ಬೇರೆ.